ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ: ಪರೀಕ್ಷೆಗೆ ಮುಖ್ಯಾಂಶಗಳು

ಫಿಸಿಯೋಥೆರಪಿ, ನರ್ಸಿಂಗ್, ಆಹಾರ ವಿಜ್ಞಾನ ಓದುವವರಿಗೂ ಜಿಮ್ ತರಬೇತುದಾರರ ಸರ್ಟಿಫಿಕೇಟ್ ಪರೀಕ್ಷೆಗೆ ಕೂರುವವರಿಗೂ ಉಪಯೋಗಕ್ಕೆ ಬರುವ ಪಾಠ ಇದು. ‘ಬೇರಿಯಾಟ್ರಿಕ್ (ತೂಕ ಇಳಿಸುವ) ಶಸ್ತ್ರಚಿಕಿತ್ಸೆಯ ನಂತರ ವ್ಯಾಯಾಮ ಏಕೆ?’ ಎಂದು ಕೇಳಿದರೆ ಬಹಳ ಮಂದಿ ‘ತೂಕ ಬೇಗ ಇಳಿಯಲಿ ಎಂದು’ ಅಂತ ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಅದಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ. ಮೊದಲ ವರ್ಷ ತೂಕ ಇಳಿಸುವುದು ಶಸ್ತ್ರಚಿಕಿತ್ಸೆಯೇ. ವ್ಯಾಯಾಮ ಸೇರಿಸಿದರೆ ಅದರ ಮೇಲೆ ಇಳಿಯುವುದು ಸರಾಸರಿ 2 ಕಿಲೋ ಆಸುಪಾಸು. ಹಾಗಾದರೆ ವ್ಯಾಯಾಮದ ಪಾಲು ಏನು? ಕರಗುತ್ತಿರುವ ಮೈಯಲ್ಲಿ ಸ್ನಾಯು ಉಳಿಸುವುದು, ಮೂಳೆ ಕಾಯುವುದು, ದಮ್ಮು ಹೆಚ್ಚಿಸುವುದು, ವರ್ಷ ಎರಡು ಕಳೆದ ಮೇಲೆ ತೂಕ ಮತ್ತೆ ಏರದಂತೆ ಹಿಡಿಯುವುದು. ಉತ್ತರವನ್ನು ಇಲ್ಲಿಂದ ಶುರು ಮಾಡಿ.

ಶಸ್ತ್ರಚಿಕಿತ್ಸೆಯ ಬಗ್ಗೆ ಬೇಕಾದಷ್ಟು

ಗ್ಯಾಸ್ಟ್ರಿಕ್ ಬೈಪಾಸ್‌ಗೆ ಅಡಿಪಾಯ ಹಾಕಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ವರ್ಷ 1966. ಈಗ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಶೇ. 75–80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೂ ಜೊತೆಗೇ ಹೋಗುವುದರಿಂದ ಹಸಿವು ತಗ್ಗುತ್ತದೆ. ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಪೋಷಕಾಂಶಗಳ ಕೊರತೆ ಬೈಪಾಸ್‌ನಲ್ಲಿ ಹೆಚ್ಚು. ವ್ಯಾಯಾಮ ಮಾಡಿಸುವವರು ಈ ವ್ಯತ್ಯಾಸ ತಿಳಿದಿರಲೇಬೇಕು.

ಯಾರಿಗೆ? ಮೂರು ಬಗೆಯ ಅಂಕಿ

ಗೊಂದಲ ಆಗುವುದು ಇಲ್ಲೇ. ಅಮೆರಿಕದ 1991ರ ಒಮ್ಮತದ ಹೇಳಿಕೆ: ಬಿಎಂಐ 40 ಅಥವಾ ಹೆಚ್ಚು, ಜೊತೆಗೆ ಗಂಭೀರ ಕಾಯಿಲೆ ಇದ್ದರೆ 35. ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಸಂಘಗಳು ಸೇರಿ 2022ರಲ್ಲಿ ಕೊಟ್ಟ ಸಲಹೆ: ಬಿಎಂಐ 35 ದಾಟಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಿಫಾರಸು ಮಾಡಬಹುದು, 30–34.9ರ ನಡುವೆ ಮಧುಮೇಹದಂಥ ಚಯಾಪಚಯ ಕಾಯಿಲೆ ಇದ್ದವರಿಗೂ ಪರಿಗಣಿಸಬಹುದು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು. ನಮ್ಮಲ್ಲಿ ಕಡಿಮೆ ಬಿಎಂಐಗೇ ಹೊಟ್ಟೆಯ ಸುತ್ತ ಕೊಬ್ಬು, ಸಕ್ಕರೆ ಕಾಯಿಲೆ ಬರುವುದೇ ಈ ವಿನಾಯಿತಿಗೆ ಕಾರಣ.

ಮೂರನೆಯದು ವಿಮೆಯ ಲೆಕ್ಕ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮಾವಳಿಯಲ್ಲಿ ಹಳೆಯ 40 ಮತ್ತು 35ರ ಮಿತಿಯೇ ಇದೆ. ವಯಸ್ಸು 18 ತುಂಬಿರಬೇಕು. ವೈದ್ಯರ ಲೆಕ್ಕದಲ್ಲಿ ಅರ್ಹ, ವಿಮೆಯ ಲೆಕ್ಕದಲ್ಲಿ ಅನರ್ಹ ಎನ್ನುವ ಸ್ಥಿತಿ ಹುಟ್ಟುವುದು ಹೀಗೆ. ಪ್ರಶ್ನೆ ಯಾವ ಮಿತಿಯನ್ನು ಕೇಳುತ್ತಿದೆ ಎಂದು ಎರಡು ಸಲ ಓದಿ ಉತ್ತರಿಸಿ.

ಸ್ನಾಯು ಮತ್ತು ಮೂಳೆ: ಪಾಠದ ತಿರುಳು

ತೂಕ ಇಳಿದಾಗ ಬರೀ ಕೊಬ್ಬು ಹೋಗುವುದಿಲ್ಲ. ಸ್ನಾಯುವೂ ಹೋಗುತ್ತದೆ, ಅದರಲ್ಲೂ ದೊಡ್ಡ ಪಾಲು ಮೊದಲ 3 ತಿಂಗಳಲ್ಲೇ. ಆಗ ರೋಗಿ ತಿನ್ನುವುದು ಎರಡು ಚಮಚ ಗಂಜಿ, ಒಂದು ಬಟ್ಟಲು ಬೇಳೆಕಟ್ಟು. ಪ್ರೋಟೀನ್ ಸಾಲದು, ಭಾರ ಎತ್ತುವಂತಿಲ್ಲ, ಸುಸ್ತು ಬೇರೆ. ಸ್ನಾಯು ತಗ್ಗಿದರೆ ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿಯೂ ತಗ್ಗುತ್ತದೆ. ಮುಂದೆ ತೂಕ ಮರಳುವುದಕ್ಕೆ ದಾರಿಯಾಗುತ್ತದೆ. ತಕ್ಕಡಿ ಚೆನ್ನಾಗಿ ಇಳಿಯುತ್ತಿದೆ ಎಂದು ಎಲ್ಲರೂ ಹೊಗಳುತ್ತಿರುವ ತಿಂಗಳುಗಳಲ್ಲೇ ಈ ನಷ್ಟ ಆಗುತ್ತಿರುತ್ತದೆ, ಯಾರೂ ಗಮನಿಸುವುದಿಲ್ಲ.

ನಡಿಗೆಯೊಂದರಿಂದಲೇ ಸ್ನಾಯು ಉಳಿಯುವುದಿಲ್ಲ. ಪ್ರತಿರೋಧದ ವ್ಯಾಯಾಮ, ಅಂದರೆ ರಬ್ಬರ್ ಬ್ಯಾಂಡ್, ಡಂಬೆಲ್ ಅಥವಾ ಮೈಭಾರವನ್ನೇ ಬಳಸಿ ಮಾಡುವ ಕಸರತ್ತು ಸೇರಲೇಬೇಕು. ಬೊಜ್ಜಿನ ಅಧ್ಯಯನಕ್ಕಾಗಿ ಇರುವ ಯುರೋಪಿನ ಸಂಘ 2021ರಲ್ಲಿ ಹೇಳಿದ್ದೂ ಇದನ್ನೇ: ಈ ಶಸ್ತ್ರಚಿಕಿತ್ಸೆ ಆದವರಿಗೆ ಏರೋಬಿಕ್ ಮತ್ತು ಪ್ರತಿರೋಧ ಎರಡೂ ಸೇರಿದ ತರಬೇತಿ ಬೇಕು.

ಮೂಳೆಗೂ ಇದೇ ಕಥೆ. ಹೊರುತ್ತಿದ್ದ ಭಾರ ಕಡಿಮೆಯಾಗುತ್ತದೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಹೀರಿಕೆ ತಗ್ಗುತ್ತದೆ, ಮೂಳೆ ಸವೆಯುತ್ತದೆ. ಬೈಪಾಸ್ ಆದವರಲ್ಲಿ ಮೂಳೆ ಮುರಿತದ ಅಪಾಯ ಹೆಚ್ಚು. ಈಜು, ಸೈಕಲ್ ಮಂಡಿಗೆ ಹಿತ, ಆದರೆ ಮೂಳೆಗೆ ಅವುಗಳಿಂದ ಸಿಗುವ ಲಾಭ ಕಡಿಮೆ. ಕಾಲ ಮೇಲೆ ಭಾರ ಬೀಳುವ ವ್ಯಾಯಾಮ ಬೇಕು. ಇನ್ನು ಮಂಡಿಯ ವಿಷಯದಲ್ಲಿ ಒಂದು ಸಿಹಿ ಸುದ್ದಿ: ಇಳಿದ ಪ್ರತಿ 1 ಕಿಲೋಗೆ ಹೆಜ್ಜೆಯೊಂದಕ್ಕೆ ಮಂಡಿಯ ಮೇಲೆ ಬೀಳುವ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ

ವಾರಕ್ಕೆ 3–4 ದಿನ, ದಿನಕ್ಕೆ ಕನಿಷ್ಠ 20 ನಿಮಿಷ ಹಗುರದಿಂದ ಮಧ್ಯಮ ತೀವ್ರತೆಯ ವ್ಯಾಯಾಮ. ಮೂರು ಚೆಂಡಿನ ಸ್ಪೈರೋಮೀಟರ್‌ನಲ್ಲಿ ಉಸಿರು ಒಳಗೆಳೆಯುವ ಅಭ್ಯಾಸವನ್ನು ಆಗಲೇ ಮಾಡಿಸಬೇಕು. ಅರಿವಳಿಕೆ ಇಳಿದು ಹೊಟ್ಟೆ ನೋಯುವಾಗ ಹೊಸದಾಗಿ ಕಲಿಸಲಾಗದು. ಸಾಮರ್ಥ್ಯ ಅಳೆಯಲು 6 ನಿಮಿಷದ ನಡಿಗೆ ಪರೀಕ್ಷೆ: 30 ಮೀಟರ್ ಉದ್ದದ ಸಮತಟ್ಟಾದ ಓಣಿ, ರೋಗಿ ನಡೆದ ದೂರವೇ ಫಲಿತಾಂಶ.

ಹಾಸಿಗೆಯಿಂದ ಆರನೇ ವಾರದವರೆಗೆ

ಶಸ್ತ್ರಚಿಕಿತ್ಸೆಯಾದ ದಿನವೇ, ಕೆಲವು ಗಂಟೆಗಳಲ್ಲಿ, ನಡೆಸುತ್ತಾರೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಈ ರೋಗಿಗಳಲ್ಲಿ ಸಾವಿನ ಪ್ರಮುಖ ಕಾರಣಗಳಲ್ಲಿ ಒಂದು. ಮಲಗಿದ್ದಾಗ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು ಅದಕ್ಕೇ.

ಪ್ರಾಯೋಗಿಕ ಪರೀಕ್ಷೆಗೆ ಹಾಸಿಗೆಯಿಂದ ಏಳಿಸುವ ಕ್ರಮವನ್ನು ಕಲಿತಿಟ್ಟುಕೊಳ್ಳಿ. ಮೊದಲು ಮಂಡಿ ಮಡಚಿಸಿ. ಹೆಗಲು, ಸೊಂಟ, ಮಂಡಿ ಮೂರೂ ಒಟ್ಟಿಗೆ ಒಂದೇ ಮಗ್ಗುಲಿಗೆ ಹೊರಳಲಿ. ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲಿ. ಕಾಲು ಮಂಚದಿಂದ ಕೆಳಗಿಳಿಯುತ್ತಿದ್ದಂತೆ ಕೆಳಗಿನ ಮೊಣಕೈ ಊರಿ, ಉಸಿರು ಬಿಡುತ್ತ ಏಳಲಿ. ಕೂತ ಮೇಲೆ ಒಂದೆರಡು ನಿಮಿಷ ಹಾಗೇ ಇರಲಿ. ತಲೆ ಸುತ್ತುತ್ತದೆಯೇ ಎಂದು ಕೇಳಿದ ಮೇಲೆಯೇ ನಿಲ್ಲಿಸಬೇಕು. ಅಂಗಾತ ಮಲಗಿದವರ ಕೈ ಹಿಡಿದು ಎಳೆದು ಕೂರಿಸುವುದು ತಪ್ಪು.

ಮೊದಲ ಎರಡು ವಾರ 5–10 ನಿಮಿಷದ ನಡಿಗೆ, ದಿನಕ್ಕೆ ಹಲವು ಸಲ. ನಾಲ್ಕನೇ ವಾರದ ಹೊತ್ತಿಗೆ ಒಂದೇ ಸಲಕ್ಕೆ 20–30 ನಿಮಿಷ. ಗಾಯ ಪೂರ್ತಿ ಮಾಯುವ ತನಕ ಈಜುಕೊಳ ಬೇಡ. ಸಾಮಾನ್ಯವಾಗಿ 4–6 ವಾರ ಸುಮಾರು 5 ಕಿಲೋಗಿಂತ ಹೆಚ್ಚಿನ ಭಾರ ಎತ್ತುವಂತಿಲ್ಲ: ನೀರು ತುಂಬಿದ ಕೊಡ, ಅಕ್ಕಿ ಮೂಟೆ, ಎತ್ತಿಕೋ ಎಂದು ಕೈಚಾಚುವ ಮೊಮ್ಮಗು ಎಲ್ಲವೂ ಇದರಲ್ಲಿ ಬಂತು. ಉಪಕರಣ ತೂರಿಸಲು ಹೊಟ್ಟೆಗೆ ತೂತು ಮಾಡಿದ ಜಾಗದಲ್ಲಿ ಹರ್ನಿಯಾ ಆಗಬಾರದು ಎಂಬುದೇ ಕಾರಣ. ಹೊಟ್ಟೆ ತೆರೆದು ಮಾಡಿದ್ದರೆ ಕಾಯುವ ಅವಧಿ ಇನ್ನೂ ಉದ್ದ.

ಕಪಾಲಭಾತಿ, ಭಸ್ತ್ರಿಕಾ, ನೌಕಾಸನ ಯೋಗವೇ ಆದರೂ ಹೊಟ್ಟೆಯ ಒಳಒತ್ತಡ ಏರಿಸುತ್ತವೆ. ‘ಪ್ರಾಣಾಯಾಮ ತಾನೇ’ ಎಂದು ಎರಡನೇ ವಾರಕ್ಕೇ ಶುರು ಮಾಡುವವರಿದ್ದಾರೆ. ಸರ್ಜನ್ ಒಪ್ಪುವವರೆಗೆ ಬೇಡ. ನಿಧಾನವಾದ ಆಳ ಉಸಿರಾಟ ಮಾಡಬಹುದು.

ಆರನೇ ವಾರದ ನಂತರ

ಸರ್ಜನ್ ಅನುಮತಿ ಕೊಟ್ಟ ಮೇಲೆ ಪ್ರತಿರೋಧದ ವ್ಯಾಯಾಮ: ವಾರಕ್ಕೆ 2–3 ದಿನ, ದೊಡ್ಡ ಸ್ನಾಯುಗಳಿಗೆಲ್ಲ ಒಂದೊಂದು, ಒಂದು ಸುತ್ತಿಗೆ 10–15 ಸಲ. ಉಸಿರು ಬಿಗಿಹಿಡಿಯಬಾರದು. ಹೊಟ್ಟೆಯ ಸ್ನಾಯುಗಳ ಕಸರತ್ತು ಕೊನೆಗೆ ಸೇರಲಿ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಕುರ್ಚಿಯಿಂದ ಎದ್ದು ಕೂರುವುದು. ತೂಕ ಹೆಚ್ಚಿದ್ದವರು ಕೈಯೂರಿ, ಒಂದು ಸಲ ಮುಂದಕ್ಕೆ ಓಲಾಡಿ ಏಳುವುದು ರೂಢಿ. ಆ ಓಲಾಟವನ್ನು ಬಿಡಿಸಬೇಕು. ಕುರ್ಚಿ ಗೋಡೆಗೆ ಒರಗಿರಲಿ, ಪಾದ ಮಂಡಿಗಿಂತ ತುಸು ಹಿಂದಕ್ಕಿರಲಿ. ಏಳಲಾಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರಿಸಿ. ವಾರಗಳು ಕಳೆದಂತೆ ದಿಂಬು ತೆಗೆಯಿರಿ. ಕೂರುವಾಗ ದೊಪ್ಪನೆ ಬೀಳದೆ ನಿಧಾನ ಇಳಿಯುವುದರಲ್ಲೇ ತೊಡೆಗೆ ಹೆಚ್ಚಿನ ಕೆಲಸ. ಇದು ಕೈಗೆ ಬಂದ ಮೇಲೆ ಅರೆಬಸ್ಕಿ, ಆಮೇಲೆ ಬಸ್ಕಿ. ಇದೇ ಅಳತೆಯೂ ಆಗುತ್ತದೆ: ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿ, ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಂದು ಎಣಿಸಿ. ತಕ್ಕಡಿ ನಿಂತುಬಿಟ್ಟ ತಿಂಗಳಲ್ಲೂ ಈ ಎಣಿಕೆ ಏರುತ್ತಿರುತ್ತದೆ, ರೋಗಿಗೆ ಅದೇ ಧೈರ್ಯ.

ಏರೋಬಿಕ್ ಗುರಿ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಾರಕ್ಕೆ 150–300 ನಿಮಿಷ ಮಧ್ಯಮ, ಇಲ್ಲವೇ 75–150 ನಿಮಿಷ ಬಿರುಸಿನ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ. ಇಳಿದ ತೂಕ ಮರಳದಿರಲು ವಾರಕ್ಕೆ 250 ನಿಮಿಷ ಮೀರಿದ ಚಟುವಟಿಕೆ ಬೇಕು ಎನ್ನುವುದು ಅಮೆರಿಕನ್ ಕ್ರೀಡಾ ವೈದ್ಯಕೀಯ ಕಾಲೇಜಿನ 2009ರ ನಿಲುವು.

ತೀವ್ರತೆ ಅಳೆಯುವುದು

1 ಮೆಟ್ ಅಂದರೆ ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ. 3–5.9 ಮೆಟ್ ಮಧ್ಯಮ, 6 ಮತ್ತು ಮೇಲೆ ಬಿರುಸು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಮಾಪಕ 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ (0ಯಿಂದ ಅಲ್ಲ!), ಮಧ್ಯಮ ಎಂದರೆ 12–13. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲ, ಅವರಲ್ಲಿ 220ರಿಂದ ವಯಸ್ಸು ಕಳೆಯುವ ಸೂತ್ರ ನಂಬಬೇಡಿ. ಮಾತಿನ ಪರೀಕ್ಷೆ ಸಾಕು: ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಊಟ, ನೀರು, ಸಕ್ಕರೆ

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಎಂದರೆ ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗೆ ಇದು ಎಷ್ಟು ಕಷ್ಟ ಎಂದು ತಿಳಿಯುತ್ತದೆ; ಪ್ರೋಟೀನ್ ಪುಡಿ ಬೇಕಾಗಬಹುದು, ಆದರೆ ಅದನ್ನು ಬರೆದುಕೊಡಬೇಕಾದವರು ಆಹಾರತಜ್ಞರು. ಕ್ಯಾಲ್ಸಿಯಂ 1200–1500 ಮಿ.ಗ್ರಾಂ, ಸಿಟ್ರೇಟ್ ರೂಪದ್ದು ಮೇಲು. ನೀರು ಕನಿಷ್ಠ 1.5 ಲೀಟರ್, ಗುಟುಕು ಗುಟುಕಾಗಿ. ಊಟದ ಜೊತೆ ಬೇಡ. ವ್ಯಾಯಾಮದ ಮಧ್ಯೆ ಗಟಗಟ ಕುಡಿದರೆ ಪುಟ್ಟ ಜಠರ ತಡೆಯುವುದಿಲ್ಲ.

ಡಂಪಿಂಗ್: ಸಿಹಿ ಸೇವಿಸಿ ಒಂದು ಗಂಟೆಯೊಳಗೇ ಹೊಟ್ಟೆನುಲಿತ, ಬೆವರು, ಎದೆಬಡಿತ ಬಂದರೆ ಮುಂಚಿನದು. 1–3 ಗಂಟೆ ಬಿಟ್ಟು ಸಕ್ಕರೆ ಕುಸಿದರೆ ತಡವಾದದ್ದು. ಪಾರ್ಕಿನ ಗೇಟಿನಲ್ಲಿ ನಿಂತು ಕುಡಿಯುವ ಕಬ್ಬಿನ ಹಾಲು, ಜಿಮ್‌ನ ಸಿಹಿ ಪಾನೀಯ ಎರಡೂ ಇದಕ್ಕೆ ಆಹ್ವಾನವೇ. ಇನ್ಸುಲಿನ್ ಅಥವಾ ಸಲ್ಫೋನೈಲ್ಯೂರಿಯಾ ಮುಂದುವರಿದಿದ್ದರೆ ವ್ಯಾಯಾಮದಿಂದಲೂ ಸಕ್ಕರೆ ಕುಸಿಯಬಹುದು.

ನಿಲ್ಲಿಸಿ, ಆಸ್ಪತ್ರೆಗೆ ಕಳಿಸಿ

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ ಏದುಸಿರು, ಎದೆನೋವು, ಜ್ವರ, ವಿಶ್ರಾಂತಿಯಲ್ಲೇ ನಾಡಿ 120 ಮೀರುವುದು (ಹೊಲಿಗೆ ಸೋರುತ್ತಿರುವ ಸೂಚನೆ ಇರಬಹುದು). ಇನ್ನೊಂದನ್ನು ಪುಸ್ತಕಗಳು ಅಡಿಟಿಪ್ಪಣಿಗೆ ತಳ್ಳುತ್ತವೆ, ನನಗಂತೂ ಅದೇ ಮುಖ್ಯ: ವಾರಗಟ್ಟಲೆ ವಾಂತಿ ಮಾಡಿಕೊಳ್ಳುತ್ತಿದ್ದವರು ನಡೆಯುವಾಗ ಕಾಲು ಅಗಲಿಸಿ ತೂರಾಡುವುದು, ಒಂದು ಎರಡಾಗಿ ಕಾಣುವುದು, ಗಲಿಬಿಲಿ. ಇದು ಸುಸ್ತಲ್ಲ. ಥಯಾಮಿನ್ ಕೊರತೆಯ ವರ್ನಿಕೆ ಕಾಯಿಲೆ. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ ಥಯಾಮಿನ್ ಕೊಡಬೇಕು.

ತರಬೇತುದಾರರ ಗಡಿ

ಸರ್ಜನ್ನರ ಅನುಮತಿ ಪತ್ರ, ಈಗಿನ ಮಾತ್ರೆಗಳ ಪಟ್ಟಿ, ಶಸ್ತ್ರಚಿಕಿತ್ಸೆಯ ಬಗೆ ಮತ್ತು ದಿನಾಂಕ: ಇವು ಕೈಗೆ ಬರುವ ತನಕ ತರಬೇತಿ ಆರಂಭಿಸಬಾರದು. ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಎನ್ನುವ ಅಧಿಕಾರ ತರಬೇತುದಾರರಿಗಿಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದೆ ಎಂದು ವೈದ್ಯರಿಗೆ ತಿಳಿಸುವ ಹೊಣೆ ಇದೆ. ಟ್ರೆಡ್‌ಮಿಲ್ ಎಷ್ಟು ತೂಕ ತಾಳುತ್ತದೆ ಎಂದು ಯಂತ್ರದ ಮೇಲೇ ಬರೆದಿರುತ್ತದೆ, ಹತ್ತಿಸುವ ಮುನ್ನ ಓದಿ. ಎಲ್ಲರೆದುರು ತೂಕ ನೋಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅವಮಾನವಾದವರು ಮರುದಿನ ಬರುವುದಿಲ್ಲ. ಸಡಿಲಗೊಂಡ ಚರ್ಮ ಉಜ್ಜಿ ಹುಣ್ಣಾಗದಂತೆ ಮೈಗೆ ಅಂಟುವ ಬಿಗಿ ಉಡುಪು ಸೂಚಿಸಿ. ವ್ಯಾಯಾಮದಿಂದ ಆ ಚರ್ಮ ಕುಗ್ಗುತ್ತದೆ ಎಂದು ಮಾತು ಕೊಡಬೇಡಿ, ಹೆಚ್ಚಿನದು ಕುಗ್ಗುವುದಿಲ್ಲ.

ಲೆಕ್ಕ

ಎತ್ತರ 160 ಸೆಂ.ಮೀ., ತೂಕ 102.4 ಕಿಲೋ, ಒಂದು ವರ್ಷದಲ್ಲಿ ಇಳಿದದ್ದು 24 ಕಿಲೋ. ಬಿಎಂಐ = 102.4 ÷ (1.6 × 1.6) = 40. ಬಿಎಂಐ 25ಕ್ಕೆ ಸರಿಯಾದ ತೂಕ 64 ಕಿಲೋ, ಆದ್ದರಿಂದ ಹೆಚ್ಚುವರಿ ತೂಕ 38.4 ಕಿಲೋ. ಹೆಚ್ಚುವರಿ ತೂಕದ ಇಳಿಕೆ: 24 ÷ 38.4 = ಶೇ. 62.5. ಒಟ್ಟು ತೂಕದ ಇಳಿಕೆ: 24 ÷ 102.4 = ಶೇ. 23.4. ಎರಡೂ ಒಬ್ಬರದೇ ಫಲಿತಾಂಶ. ಆದರೆ ಮೊದಲನೆಯದು ಕೇಳಲು ದೊಡ್ಡದು, ಜಾಹೀರಾತುಗಳಿಗೆ ಅನುಕೂಲ. ಪ್ರಶ್ನೆಯಲ್ಲಿ 25ರ ಬದಲು 23 ಕೊಟ್ಟಿದ್ದರೆ ಸರಿಯಾದ ತೂಕ 58.9 ಕಿಲೋ ಆಗುತ್ತದೆ, ಮೊದಲ ಶೇಕಡಾವಾರು ಸುಮಾರು 55ಕ್ಕೆ ಇಳಿಯುತ್ತದೆ, ಎರಡನೆಯದು ಬದಲಾಗುವುದಿಲ್ಲ.