ಆಯುಧ ಪೂಜೆಗೆ ಏನಿಡೋಣ?

ಡೆಟ್ರಾಯಿಟ್, ಷಿಕಾಗೋ ಕಡೆಯ ನಮ್ಮ ಮನೆಗಳಲ್ಲಿ ಆಯುಧ ಪೂಜೆಗೆ ಕಾರು, ಕಂಪ್ಯೂಟರಿಗೆ ಕುಂಕುಮ ಹಚ್ಚುತ್ತೇವೆ. ಪಕ್ಕದಲ್ಲೇ, ದಸರಾ ಗೊಂಬೆಗಳ ಸಾಲಿನಲ್ಲಿ, ಚನ್ನಪಟ್ಟಣದ ಬುಗುರಿ ಇರುತ್ತದೆ. ಅದನ್ನು ಮಕ್ಕಳ ಕೈಗಿತ್ತು, ಮಾಡಿದ ಬಗೆ ಹೇಳೋಣ. ಹಾಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗಲೇ ಉಳಿ ಹಿಡಿದು ರೂಪ ಕೊಡುತ್ತಾರೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಎಷ್ಟು ಒತ್ತಬೇಕೆಂಬುದು ಪಳಗಿದ ಕೈಗೇ ಗೊತ್ತು!

ಶರಣರಲ್ಲಿ ಜೇಡರ ದಾಸಿಮಯ್ಯನವರು ನೇಕಾರರು, ಮೇದಾರ ಕೇತಯ್ಯನವರು ಬಿದಿರು ಹೆಣೆಯುವವರು. ಅವರ ಹೆಸರಿನಲ್ಲೇ ಕಾಯಕವಿದೆ. ಅವರನ್ನು ಕೊಂಡಾಡುವ ನಾವು, ಮಗ “ಬಡಗಿಯಾಗುತ್ತೇನೆ” ಎಂದರೆ ಮುಖ ಸಪ್ಪೆ ಮಾಡುತ್ತೇವೆ. (ಸುಳ್ಳೇಕೆ, ನಾವೂ ಮಾಡಿದ್ದೇವೆ.) ಈ ಮಹಾನವಮಿಗೆ ಅವನ ಸುತ್ತಿಗೆ, ಅಜ್ಜಿಯ ಸೂಜಿದಾರ, ಅಡುಗೆಮನೆಯ ಈಳಿಗೆಮಣೆಯನ್ನೂ ಮಣೆಯ ಮೇಲಿಡೋಣ. ಪೂಜೆ ಮುಗಿದ ಮೇಲೆ ಸುತ್ತಿಗೆ ಹಿಡಿಯುವುದನ್ನು ಅವನೇ ನಮಗೆ ತೋರಿಸಲಿ.