ಬೋರ್ಡಿನಲ್ಲಿ ಕನ್ನಡ ಇದೆ, ಫಾರಂನಲ್ಲಿ?

ಈ ಸಲದ ಪಾಠ ವ್ಯಾಕರಣದ್ದಲ್ಲ. ಮಕ್ಕಳಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಒಳಗೆ ಕನ್ನಡ ಎಲ್ಲಿದೆ, ಎಲ್ಲಿರಬೇಕು ಅನ್ನೋದರ ಬಗ್ಗೆ. ನಮ್ಮಲ್ಲಿ ತುಂಬಾ ಜನ ಎನ್‌ಎಸ್‌ಎಸ್ ಮೂಲಕವೋ ಇಂಟರ್ನ್‌ಶಿಪ್ ಹೆಸರಲ್ಲೋ ಇಂಥ ಸಂಸ್ಥೆಗಳಿಗೆ ಹೋಗ್ತೇವೆ, ಕೆಲವರು ಆ್ಯಪ್ ಕೂಡ ಮಾಡಿಕೊಡ್ತೇವೆ. ಹಾಗಾಗಿ ಇದು ನಮ್ಮ ಸಿಲಬಸ್ಸಿನ ಹೊರಗಿನ ವಿಷಯವೇನಲ್ಲ.

ಒಂದು ಊಹೆಯ ಉದಾಹರಣೆ ತಗೊಳ್ಳೋಣ. ಶೃಂಗೇರಿಯಿಂದ ಕಿಗ್ಗ ದಾಟಿ ಮುಂದೆ ಹೋದರೆ ಸಿರಿಮನೆ. ಜಲಪಾತ ನೋಡಲು ಹೋದವರಿಗೆ ದಾರಿ ಗೊತ್ತಿರುತ್ತೆ. ಮಲೆನಾಡಿನ ಈ ಭಾಗದಲ್ಲಿ ಮನೆಗಳು ಒತ್ತೊತ್ತಾಗಿ ಇರೋದಿಲ್ಲ. ತೋಟದಾಚೆ ಒಂದು ಮನೆ, ಹಳ್ಳದಾಚೆ ಇನ್ನೊಂದು. ಜುಲೈ ತಿಂಗಳು, ಮಗುವೊಂದು ವಾರದಿಂದ ಶಾಲೆಗೆ ಬಂದಿಲ್ಲ. ಸಂಸ್ಥೆಯ ಕಾರ್ಯಕರ್ತೆ ಮನೆಗೇ ಹೋಗಿ, "ಯಾಕೆ ಪುಟ್ಟಾ, ಶಾಲೆಗೆ ಬರ್ತಿಲ್ಲ?" ಅಂತ ಕೇಳ್ತಾರೆ. ಮಗು "ಬೇಜಾರು" ಅನ್ನುತ್ತೆ. ಅಜ್ಜಿ "ಸಂಕ ದಾಟಕ್ಕೆ ಆಗಲ್ಲ ಮಾರಾಯ್ತಿ" ಅಂತಾರೆ. ಕಾರ್ಯಕರ್ತೆಗೆ ಎರಡೂ ಅರ್ಥವಾಗುತ್ತೆ. ಆಮೇಲೆ ಟ್ಯಾಬ್ ತೆಗೀತಾರೆ. ಫಾರಂ ಇಂಗ್ಲಿಷಿನಲ್ಲಿದೆ. ಆಯ್ಕೆಗಳು ನಾಲ್ಕು: ನಾಟ್ ಇಂಟರೆಸ್ಟೆಡ್, ಇಲ್‌ನೆಸ್, ಟ್ರಾನ್ಸ್‌ಪೋರ್ಟ್, ಅದರ್ಸ್. ಮೊದಲನೆಯದಕ್ಕೆ ಟಿಕ್ ಬೀಳುತ್ತೆ.

ಈಗ 'ಬೇಜಾರು' ಪದವನ್ನೇ ನೋಡಿ. ಬೋರಾದರೂ ಬೇಜಾರು, ಮೇಷ್ಟ್ರು ಬೈದರೂ ಬೇಜಾರು, ಅಮ್ಮ ಊರಿಗೆ ಹೋದರೂ ಬೇಜಾರು. ಹೆದರಿಕೆ ಆಗಿದೆ ಅಂತ ಬಾಯಿಬಿಟ್ಟು ಹೇಳಲಾಗದ ಮಗುವೂ ಅದೇ ಮಾತು ಹೇಳುತ್ತೆ. ಇನ್ನು ಸಂಕ, ಅಂದರೆ ಕಾಲುಸಂಕ: ಅಡಿಕೆ ಮರವನ್ನೋ ಕಾಡುಮರದ ದಿಮ್ಮಿಯನ್ನೋ ಹಳ್ಳಕ್ಕೆ ಅಡ್ಡ ಹಾಕಿ ಮಾಡಿದ ದಾರಿ. ಮಳೆಗಾಲದಲ್ಲಿ ಅದರಿಂದ ಜಾರಿದ ಮಕ್ಕಳ ಸುದ್ದಿ ನಾವೆಲ್ಲ ಓದಿದವರೇ. ಇದು 'ಟ್ರಾನ್ಸ್‌ಪೋರ್ಟ್' ಸಮಸ್ಯೆಯೇ? ಬೆಂಗಳೂರಿನ ಡ್ಯಾಶ್‌ಬೋರ್ಡಿನಲ್ಲಿ 'ಆಸಕ್ತಿ ಇಲ್ಲದ ಮಗು' ಒಂದು ಹೆಚ್ಚಾಯಿತು, ಅಷ್ಟೆ. ಅಲ್ಲಿಂದ ಬರುವ ಪರಿಹಾರ ಮೋಟಿವೇಶನ್ ಸೆಷನ್. ಬೇಕಾಗಿದ್ದು ಒಂದು ಸಂಕ.

ಇದಕ್ಕಿಂತ ಗಂಭೀರ ಸಂದರ್ಭಗಳಲ್ಲಿ ಕಾನೂನೇ ಮಗುವಿನ ಮಾತಿನ ಪರವಾಗಿ ನಿಂತಿದೆ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗು ಕೊಟ್ಟ ದೂರನ್ನು ಅದಕ್ಕೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು. ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆಯಬೇಕಾಗಿ ಬಂದರೆ, ಅಗತ್ಯವಿದ್ದಾಗ ಅನುವಾದಕರನ್ನು ಒದಗಿಸಬೇಕು. 26ನೇ ಸೆಕ್ಷನ್ ಹೇಳಿಕೆಯನ್ನು ಮಗು ಹೇಳಿದ ಹಾಗೆಯೇ ದಾಖಲಿಸಬೇಕು ಅನ್ನುತ್ತೆ. ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ ಇಷ್ಟು ಕಟ್ಟುನಿಟ್ಟು ಇರುವಾಗ, ಅದಕ್ಕೂ ಮೊದಲೇ ಮಗುವಿನ ಮನೆ ಬಾಗಿಲಿಗೆ ಹೋಗುವ ಸಂಸ್ಥೆಯ ಫಾರಂ ಮಾತ್ರ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಮುಗಿಯಬೇಕಾ?

ಸಂಸ್ಥೆಗಳಿಗೆ ಕನ್ನಡದ ಮೇಲೆ ಸಿಟ್ಟೇನಿಲ್ಲ. ಹಣದ ದಾರಿ ಹಾಗಿದೆ. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ 2% ಸಿಎಸ್‌ಆರ್‌ಗೆ ಕೊಡಬೇಕು. ಕೊಟ್ಟವರು ವರದಿ ಕೇಳ್ತಾರೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ. ವರದಿ ಇಂಗ್ಲಿಷ್ ಆದ್ದರಿಂದ ಫಾರಂ ಇಂಗ್ಲಿಷ್, ಫಾರಂ ಇಂಗ್ಲಿಷ್ ಆದ್ದರಿಂದ ತರಬೇತಿ ಇಂಗ್ಲಿಷ್. ಕನ್ನಡ ಉಳಿಯೋದು ಬ್ಯಾನರಿನಲ್ಲಿ. ನಾಮಫಲಕದಲ್ಲಿ 60% ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಂತು. ಕಪಾಟಿನೊಳಗಿನ ಫೈಲಿಗೆ ಅಂಥ ಅಳತೆ ಯಾರೂ ಹಿಡಿದಿಲ್ಲ.

ಇದೇ ತೊಡಕನ್ನು ಬೇರೆ ರೀತಿ ಬಿಡಿಸುತ್ತಿರುವ ನಾಡೊಂದಿದೆ, ಬ್ರಿಟನ್ನಿನ ವೇಲ್ಸ್. 2021ರ ಜನಗಣತಿಯಂತೆ ಅಲ್ಲಿ ವೆಲ್ಷ್ ಬಲ್ಲವರು ಸುಮಾರು 5.38 ಲಕ್ಷ ಮಾತ್ರ. ಅಲ್ಲಿನ 'ಉರ್ಡ್' ಎಂಬ ಸಂಸ್ಥೆ 1922ರಿಂದ ಮಕ್ಕಳಿಗೆ ಕ್ಯಾಂಪು, ಆಟ, ಹಾಡು ಎಲ್ಲವನ್ನೂ ವೆಲ್ಷ್‌ನಲ್ಲೇ ನಡೆಸುತ್ತಾ ಬಂದಿದೆ. ನಮಗೆ ಹೆಚ್ಚು ಹಿಡಿಸಿದ್ದು ಆರೋಗ್ಯ ಮತ್ತು ಸಮಾಜಸೇವೆಯಲ್ಲಿ ಅವರು ಪಾಲಿಸುವ ಒಂದು ತತ್ವ: 'ನಿಮಗೆ ವೆಲ್ಷ್‌ನಲ್ಲಿ ಸೇವೆ ಬೇಕಾ?' ಅಂತ ಬಂದವರು ಕೇಳುವ ಮೊದಲೇ ಸಿಬ್ಬಂದಿಯೇ ಕೇಳಬೇಕು. ಭಾಷೆ ಬಲ್ಲ ಸಿಬ್ಬಂದಿ ಕಿತ್ತಳೆ ಬಣ್ಣದ ಬ್ಯಾಡ್ಜ್ ಹಾಕ್ತಾರೆ. ಯಾಕಂದ್ರೆ ಕಷ್ಟದಲ್ಲಿರುವವರು, ಅದರಲ್ಲೂ ಮಕ್ಕಳು, ಭಾಷೆ ಬದಲಿಸಿ ಅಂತ ಕೇಳೋದಿಲ್ಲ, ಸುಮ್ಮನಾಗಿಬಿಡ್ತಾರೆ.

ನಮ್ಮಲ್ಲೂ ಒಳ್ಳೆಯ ಮಾದರಿಗಳಿವೆ. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಅಕ್ಷರ ಫೌಂಡೇಶನ್ ತನ್ನ ದೊಡ್ಡ ಕಾರ್ಯಕ್ರಮಕ್ಕೆ ಇಟ್ಟ ಹೆಸರೇ 'ಗಣಿತ ಕಲಿಕಾ ಆಂದೋಲನ'. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳನ್ನೂ ನಡೆಸಿದೆ. 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ತೆರೆಯಿತು. ಅಲ್ಲಿನ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ಒಂದು ಸಂಜೆ ಕೂತರೆ ನಮ್ಮ ಹಾಸ್ಟೆಲ್ಲಿನವರೇ ಒಂದು ಕಥೆ ಮುಗಿಸಬಹುದು. ಆದರೆ 'ಅವನು ತನ್ನ ಚೀಲವನ್ನು ತೆಗೆದುಕೊಂಡು ಹೊರಟನು' ಅಂತ ಬರೆಯೋ ಚಟ ಬಿಡಬೇಕು, ಆರು ವರ್ಷದ ಮಗು ಓದೋದು.

ಇನ್ನು ಎಂಜಿನಿಯರಿಂಗ್ ಭಾಗ. ಯೂನಿಕೋಡ್‌ನಲ್ಲಿ 'ಕಾಲುಸಂಕ' 7 ಕೋಡ್ ಪಾಯಿಂಟ್, ಯುಟಿಎಫ್-8ರಲ್ಲಿ 21 ಬೈಟ್. ಡೇಟಾಬೇಸಿನ ಫೀಲ್ಡನ್ನು ಇಂಗ್ಲಿಷಿನ ಲೆಕ್ಕದಲ್ಲಿ 20 ಬೈಟಿಗೆ ಕಟ್ಟಿದರೆ ಪದ ಕತ್ತರಿಸಿ ಹೋಗುತ್ತೆ, ಇಲ್ಲವೇ ಎಂಟ್ರಿಯೇ ತಿರಸ್ಕಾರವಾಗುತ್ತೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಯೂನಿಕೋಡ್ ಕನ್ನಡವಾದರೆ 70. ಪೋಷಕರಿಗೆ ಕಳಿಸುವ ಸಂದೇಶದ ಖರ್ಚು ಎರಡು ಪಟ್ಟು ದಾಟುತ್ತೆ, ಲೆಕ್ಕ ನೋಡುವವರು ಇಂಗ್ಲಿಷೇ ಇರಲಿ ಅಂತಾರೆ. ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದ ಕೇಸ್ ಫೈಲುಗಳನ್ನು ಹುಡುಕಲೂ ಆಗಲ್ಲ. ಇವ್ಯಾವೂ ಭಾಷಾಭಿಮಾನದ ಸಮಸ್ಯೆಗಳಲ್ಲ, ನಾವು ಸರಿಮಾಡಬಹುದಾದ ಬಗ್‌ಗಳು. ಆಯ್ಕೆಯ ಪಟ್ಟಿ ಕನ್ನಡದಲ್ಲಿರಲಿ, ಅದರ ಕೆಳಗೆ 'ಮಗು ಹೇಳಿದ ಮಾತು' ಅಂತ ಒಂದು ಖಾಲಿ ಜಾಗ ಇರಲಿ, ಧ್ವನಿಯಲ್ಲೂ ತುಂಬುವಂತಿರಲಿ. ಇಂಗ್ಲಿಷ್ ವರದಿ ಕೊನೆಯಲ್ಲಿ, ಕಚೇರಿಯಲ್ಲಿ ತಯಾರಾಗಲಿ. ಹೊರರಾಜ್ಯದ ಸಿಬ್ಬಂದಿ ಇದ್ದರೆ ನಮ್ಮ ವಿಟಿಯುನ 'ಬಳಕೆ ಕನ್ನಡ' ಪುಸ್ತಕ ಕೊಡೋಣ, ಪರೀಕ್ಷೆ ಆದಮೇಲೆ ಅದು ಹೇಗೂ ನಮ್ಮ ರೂಮುಗಳಲ್ಲಿ ಸುಮ್ಮನೆ ಬಿದ್ದಿರುತ್ತೆ.

ಒಂದು ಎಚ್ಚರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಲ್ಲ ಮಕ್ಕಳ ಮನೆಮಾತೂ ಕನ್ನಡವಲ್ಲ. ತುಳು, ಕೊಂಕಣಿ, ಬ್ಯಾರಿ ಆಡುವವರಿದ್ದಾರೆ, ನರಸಿಂಹರಾಜಪುರ ಕಡೆ ಕೇರಳದಿಂದ ಬಂದು ನೆಲೆಸಿದ ಮಲಯಾಳಂ ಮನೆಗಳಿವೆ, ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಬಂದವರ ಮಕ್ಕಳಿದ್ದಾರೆ. ಇಂಗ್ಲಿಷ್ ಫಾರಂ ತೆಗೆದು ಕನ್ನಡದ್ದು ಇಟ್ಟರೆ ತೋಟದ ಲೈನಿನಲ್ಲಿರುವ ಅಸ್ಸಾಮಿ ಹುಡುಗಿಗೆ ಅಂಥ ವ್ಯತ್ಯಾಸವೇನೂ ಆಗೋದಿಲ್ಲ. ಅದಕ್ಕೇ ಫಾರಂನ ಮೊದಲ ಸಾಲಿನಲ್ಲಿ, ಹೆಸರಿನ ಪಕ್ಕದಲ್ಲೇ, 'ಮನೆಯಲ್ಲಿ ಯಾವ ಮಾತು ಆಡ್ತೀರಿ?' ಅನ್ನೋ ಪ್ರಶ್ನೆ ಬರಬೇಕು. ಉತ್ತರ ಕನ್ನಡ ಅಲ್ಲದಿದ್ದರೆ ಆ ಭಾಷೆ ಬಲ್ಲ ಒಬ್ಬರ ಫೋನ್ ನಂಬರ್ ಅದೇ ಸ್ಕ್ರೀನಿನಲ್ಲಿ ಕಾಣಬೇಕು. ಈ ಫಾರಂನ ಕರಡನ್ನು ಈ ಸೆಮಿಸ್ಟರಿನಲ್ಲಿ ಮಾಡೋಣ ಅಂದುಕೊಂಡಿದ್ದೇವೆ. ತುಳು, ಕೊಂಕಣಿ, ಮಲಯಾಳಂ ಬಲ್ಲವರು ಶನಿವಾರದ ಬೈಠಕ್‌ಗೆ ಬನ್ನಿ.