ಅರ್ಥ ಫೈಟಿನೊಳಗೇ ಇರಬೇಕು

ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಸಿನಿಮಾ ತೋರಿಸಿ, ಆಮೇಲೆ ಚರ್ಚೆ ನಡೆಸುವುದು ಬಹಳ ಕಾಲದಿಂದ ನನ್ನ ಕೆಲಸ. ಕಾಲೇಜು ಹುಡುಗರು, ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರು ಎಲ್ಲ ಒಂದೇ ಹಾಲಿನಲ್ಲಿ ಕೂತಿರುತ್ತಾರೆ. ಕುರೊಸಾವಾ, ರೇ, ಕಾಸರವಳ್ಳಿಯವರ ಚಿತ್ರಗಳಿಗೆ ತಕರಾರು ಬರುವುದಿಲ್ಲ. ವೈಜ್ಞಾನಿಕ ಕಲ್ಪನೆಯ ಆ್ಯಕ್ಷನ್ ಚಿತ್ರ ಹಾಕಿದ ದಿನ ಮಾತ್ರ ಸಭೆ ಇಬ್ಭಾಗವಾಗುತ್ತದೆ. ‘ಬರೀ ಗುಂಡಿನ ಸದ್ದು, ಇದರಲ್ಲಿ ಏನಿದೆ ಸಾರ್?’ ಎನ್ನುವವರು ಕೆಲವರು. ‘ದುಡ್ಡು ಕೊಟ್ಟಿದ್ದಕ್ಕೆ ಮಜಾ ಸಿಕ್ಕರೆ ಸಾಕು, ಅರ್ಥ ಯಾಕೆ ಬೇಕು?’ ಎನ್ನುವವರು ಉಳಿದವರು. ಆ ವಾದಗಳ ನಡುವೆ ನಿಂತು ನಾನು ಕಂಡುಕೊಂಡದ್ದು ಇಷ್ಟು.

1. ಅರ್ಥವನ್ನು ಡೈಲಾಗಿನಲ್ಲಿ ಹುಡುಕಬೇಡಿ, ಫೈಟಿನಲ್ಲಿ ಹುಡುಕಿ.

ಜೇಮ್ಸ್ ಕ್ಯಾಮರಾನ್ ಅವರ ‘ಟರ್ಮಿನೇಟರ್ 2’ (1991) ಇದಕ್ಕೆ ನಾನು ಮತ್ತೆ ಮತ್ತೆ ತೋರಿಸುವ ಚಿತ್ರ. ಭವಿಷ್ಯದಿಂದ ಬಂದ ಕೊಲೆಗಾರ ಯಂತ್ರಕ್ಕೆ ಜಾನ್ ಎಂಬ ಹುಡುಗ ಆಣೆ ಹಾಕಿಸುತ್ತಾನೆ: ಇನ್ನು ಮುಂದೆ ಯಾರನ್ನೂ ಕೊಲ್ಲಕೂಡದು. ಆ ಒಂದು ಆಣೆಯಿಂದ ಮುಂದಿನ ಎಲ್ಲ ಹೊಡೆದಾಟದ ಸ್ವರೂಪವೇ ಬದಲಾಗುತ್ತದೆ. ಆಸ್ಪತ್ರೆಯ ಗೇಟಿನಲ್ಲಿ ಅಡ್ಡ ಬಂದ ಕಾವಲುಗಾರನ ಕಾಲಿಗೆ ಯಂತ್ರ ಗುಂಡು ಹೊಡೆಯುತ್ತದೆ, ಎದೆಗಲ್ಲ. ಮುಂದೆ ಪೊಲೀಸರ ದಂಡೇ ಸುತ್ತುವರಿದಾಗ ಕಿಟಕಿಯಲ್ಲಿ ನಿಂತು ಕಾರುಗಳನ್ನೆಲ್ಲ ಚಿಂದಿ ಮಾಡುತ್ತದೆ. ಅದರ ಕಣ್ಣಿನ ಪರದೆಯ ಮೇಲೆ ಸತ್ತವರ ಸಂಖ್ಯೆ ಸೊನ್ನೆ ಎಂದು ಮೂಡುತ್ತದೆ. ಹಾಲಿನಲ್ಲಿ ಶಿಳ್ಳೆ ಬೀಳುವುದು ಅಲ್ಲೇ.

ಇದಕ್ಕೆ ಜೋಡಿಯಾಗಿ ಇನ್ನೊಂದು ದೃಶ್ಯವಿದೆ. ಜಾನ್‌ನ ತಾಯಿ ಸಾರಾ, ಮುಂದೆ ಲೋಕನಾಶಕ್ಕೆ ಕಾರಣವಾಗಲಿರುವ ಯಂತ್ರಬುದ್ಧಿಯನ್ನು ರೂಪಿಸುತ್ತಿರುವ ಡೈಸನ್‌ನನ್ನು ಕೊಲ್ಲಲು ಹೋಗುತ್ತಾಳೆ. ರಾತ್ರಿ. ಆತ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ, ಬೆನ್ನ ಮೇಲೆ ಬಂದೂಕಿನ ಕೆಂಪು ಚುಕ್ಕೆ ಹರಿದಾಡುತ್ತಿದೆ. ಅಷ್ಟರಲ್ಲಿ ಮಗನ ಆಟಿಕೆಯ ಗಾಡಿ ಬಂದು ಅವನ ಕಾಲಿಗೆ ತಾಗುತ್ತದೆ, ಬಗ್ಗುತ್ತಾನೆ, ಗುಂಡು ತಪ್ಪುತ್ತದೆ. ಆಮೇಲೆ ಸಾರಾ ಒಳಗೆ ನುಗ್ಗುವ ನಡಿಗೆ ನೋಡಿ. ಮೊದಲ ಚಿತ್ರದಲ್ಲಿ (1984) ಅವಳನ್ನೇ ಅಟ್ಟಿಸಿಕೊಂಡು ಬಂದ ಯಂತ್ರದ ನಡಿಗೆ ಅದು. ಯಂತ್ರ ಕೊಲ್ಲದಿರಲು ಕಲಿಯುತ್ತಿದೆ, ಮನುಷ್ಯಳು ಯಂತ್ರವಾಗುತ್ತಿದ್ದಾಳೆ. ಡೈಸನ್‌ನ ಹೆಂಡತಿ, ಮಗು ಕಣ್ಣೆದುರು ನಿಂತಾಗ ಅವಳಿಂದ ಟ್ರಿಗರ್ ಒತ್ತಲು ಆಗುವುದಿಲ್ಲ, ಗೋಡೆಗೊರಗಿ ಕುಸಿಯುತ್ತಾಳೆ. ಶಬ್ದ ಬಂದ್ ಮಾಡಿ ತೋರಿಸಿದರೂ ಇಷ್ಟೂ ಅರ್ಥವಾಗುತ್ತದೆ. ನಾನು ಹಾಗೆ ತೋರಿಸಿದ್ದೇನೆ.

2. ಮೊದಲು ಕಣ್ಣಿಗೆ ಕಾಣಬೇಕು.

ಯಾರು ಯಾರನ್ನು ಹೊಡೆದರು ಎಂದೇ ತಿಳಿಯದ ಫೈಟಿನಲ್ಲಿ ಅರ್ಥ ಹುಟ್ಟುವುದಾದರೂ ಹೇಗೆ? ಜಾರ್ಜ್ ಮಿಲ್ಲರ್ ಅವರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಹೆಚ್ಚುಕಡಿಮೆ ಒಂದೇ ಒಂದು ಚೇಸು. ನಮ್ಮ ಕಣ್ಣು ಪರದೆಯ ತುಂಬ ಅಲೆದಾಡದಂತೆ, ಮುಖ್ಯವಾದದ್ದನ್ನೆಲ್ಲ ಶಾಟಿನ ನಡುಮಧ್ಯದಲ್ಲೇ ಇಟ್ಟರು. ಹೀಗಾಗಿ ಎಷ್ಟು ವೇಗವಾಗಿ ಕತ್ತರಿಸಿದರೂ ನಮಗೆ ದಾರಿ ತಪ್ಪುವುದಿಲ್ಲ. ಸಂಕಲನ ಮಾಡಿದ ಮಾರ್ಗರೆಟ್ ಸಿಕ್ಸೆಲ್ ಅವರಿಗೆ ಆಸ್ಕರ್ ಬಂತು. ಚಿತ್ರಕ್ಕೆ ಒಟ್ಟು 6 ಆಸ್ಕರ್. ಚಿತ್ರದಲ್ಲಿ ನೀರಿನ ಮೇಲೆ ಒಡೆತನ ಯಾರದು, ಹೆಣ್ಣಿನ ಮೈ ಮೇಲೆ ಹಕ್ಕು ಯಾರದು ಎಂಬುದರ ಬಗ್ಗೆ ಉಪನ್ಯಾಸವಿಲ್ಲ. ಚೇಸಿನ ಮುಂದೆ ಓಡುವ ಟ್ಯಾಂಕರ್ ಲಾರಿಯಲ್ಲಿ ಅಡಗಿರುವ ಹೆಂಗಸರು ಯಾರು, ಅವರನ್ನು ಬೆನ್ನಟ್ಟಿದವರು ಯಾರು ಎಂದು ಸ್ಪಷ್ಟವಾಗಿ ಕಂಡರೆ ಸಾಕು. ಮನರಂಜನೆಗೆ ಇಲ್ಲಿ ಬೇಕಾದದ್ದು ಇದೇ ಸ್ಪಷ್ಟತೆ, ಅರ್ಥಕ್ಕೆ ಬೇಕಾದದ್ದೂ ಇದೇ.

3. ಕಟ್ಟಡ ಬಿದ್ದ ಮೇಲೆ ಕ್ಯಾಮೆರಾ ಎಲ್ಲಿಗೆ ಹೋಗುತ್ತದೆ ನೋಡಿ.

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅದರ ವಿಕಿರಣದ ಬೂದಿ ‘ಲಕ್ಕಿ ಡ್ರ್ಯಾಗನ್’ ಎಂಬ ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಸುರಿಯಿತು. ಅದರಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು. ಆ ವರ್ಷವೇ ಒಬ್ಬರು ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಇಶಿರೊ ಹೊಂಡಾ ಅವರ ‘ಗೊಜಿರಾ’ ತೆರೆಕಂಡಿತು. ಬಾಂಬಿನಿಂದ ಎಚ್ಚೆತ್ತ ದೈತ್ಯ ಪ್ರಾಣಿ ಟೋಕಿಯೊವನ್ನು ತುಳಿದು ಸುಡುತ್ತದೆ. ಮಕ್ಕಳಿಗೆ ಇಷ್ಟವಾಗುವ ಚಿತ್ರ, ನಿಜ. ಆದರೆ ಕ್ಯಾಮೆರಾ ಜನರ ಕಡೆಗೂ ತಿರುಗುತ್ತದೆ: ಹೊತ್ತಿ ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಎಂದು ಸಂತೈಸುತ್ತಾಳೆ. ಮರುದಿನ ಆಸ್ಪತ್ರೆಯಲ್ಲಿ ಮಗುವೊಂದರ ಬಳಿ ವಿಕಿರಣ ಅಳೆಯುವ ಯಂತ್ರ ಹಿಡಿದವರು ಸುಮ್ಮನೆ ತಲೆಯಾಡಿಸುತ್ತಾರೆ.

ಈ ಚಿತ್ರವನ್ನು 1956ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಒಬ್ಬ ಅಮೆರಿಕನ್ ವರದಿಗಾರನ ಪಾತ್ರ ಸೇರಿಸಿ, ಬಾಂಬಿನ ಮಾತುಗಳನ್ನು ಬಹುಪಾಲು ತೆಗೆದುಹಾಕಿದರು. ಪ್ರಾಣಿ ಅದೇ, ಬೆಂಕಿ ಅದೇ, ಚಿತ್ರ ಓಡಿತು ಕೂಡ. ಆದರೂ ಎರಡನ್ನೂ ಒಟ್ಟಿಗೆ ತೋರಿಸಿದಾಗ ‘ಯಾವುದು ಹೆಚ್ಚು ಹೆದರಿಸಿತು?’ ಎಂದು ಕೇಳಿದರೆ, ಅರ್ಥ ಬೇಡ ಎನ್ನುವ ಹುಡುಗರೇ ಜಪಾನಿ ಪ್ರತಿಯ ಕಡೆ ಕೈ ತೋರಿಸುತ್ತಾರೆ.

4. ಸಂದೇಶ ಒಂದು ಹೇಳಿ, ಫೈಟು ಇನ್ನೊಂದು ಹೇಳಬಾರದು.

ಶಂಕರ್ ಅವರ ‘2.0’ (2018) ನಮ್ಮಲ್ಲಿ ಎಲ್ಲರೂ ನೋಡಿದ ಚಿತ್ರ. ಸಾವಿರಾರು ಮೊಬೈಲ್‌ಗಳು ಹಾರಿ ಬಂದು ಒಂದು ಮಹಾ ಹಕ್ಕಿಯಾಗುವ ಚಿತ್ರಿಕೆ ಅದ್ಭುತ; ಹೇಳಬೇಕಾದ್ದನ್ನು ಅದೊಂದೇ ಹೇಳಿಬಿಡುತ್ತದೆ. ಆಮೇಲೆ ಬರುವ, ಆ ಹಕ್ಕಿಯ ಹಿಂದಿರುವ ಪಕ್ಷಿಪ್ರೇಮಿ ಪಕ್ಷಿರಾಜನ ಉದ್ದನೆಯ ಫ್ಲ್ಯಾಶ್‌ಬ್ಯಾಕ್ ಅದನ್ನೇ ಮಾತಿನಲ್ಲಿ ಮತ್ತೆ ಹೇಳುತ್ತದೆ. ಅದೂ ಹೋಗಲಿ. ಕೊನೆಯ ಕಾಳಗದಲ್ಲಿ ಪಾರಿವಾಳಗಳ ಮೇಲೆ ಕೂತು ಬರುವ ಪುಟಾಣಿ ರೋಬೋಗಳು, ಆ ಪಾರಿವಾಳಗಳನ್ನೇ ಕೊಲ್ಲುತ್ತೇವೆ ಎಂದು ಬೆದರಿಸಿ ಪಕ್ಷಿರಾಜನನ್ನು ಮಣಿಸುತ್ತವೆ! ಹಕ್ಕಿಗಳನ್ನು ಉಳಿಸಿ ಎನ್ನುವ ಚಿತ್ರದಲ್ಲಿ ಗೆಲುವು ಬಂದದ್ದು ಹಕ್ಕಿಗಳನ್ನು ಒತ್ತೆಯಿಟ್ಟು. ಇದನ್ನು ಕಂಡು ನನಗೆ ನಿಜಕ್ಕೂ ಬೇಸರವಾಯಿತು. ಚಿತ್ರ ಹೇಳುವಂತೆ ಮೊಬೈಲ್ ಟವರುಗಳ ತರಂಗದಿಂದಲೇ ಹಕ್ಕಿಗಳು ಸಾಯುತ್ತಿವೆ ಎಂಬುದಕ್ಕೆ ವಿಜ್ಞಾನದ ಗಟ್ಟಿ ಆಧಾರ ಇಲ್ಲ ಎಂಬುದನ್ನೂ ಶಿಬಿರದಲ್ಲಿ ಹೇಳಲೇಬೇಕಾಗುತ್ತದೆ. ಘನವಾದ ಸಂದೇಶವೆಂದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ.

5. ನಗಿಸುವ ದೃಶ್ಯವನ್ನು ಹಗುರವಾಗಿ ಕಾಣಬೇಡಿ.

ಪಾಲ್ ವರ್ಹೋವನ್ ಅವರ ‘ರೋಬೋಕಾಪ್’ (1987) ಚಿತ್ರದ ಮೀಟಿಂಗ್ ದೃಶ್ಯ. ಕಂಪನಿಯ ದೊಡ್ಡವರ ಮುಂದೆ ಹೊಸ ಪೊಲೀಸ್ ಯಂತ್ರದ ಪ್ರದರ್ಶನ. ಯುವ ಅಧಿಕಾರಿಯೊಬ್ಬನ ಕೈಗೆ ಪಿಸ್ತೂಲು ಕೊಟ್ಟು ಯಂತ್ರದತ್ತ ಹಿಡಿಯಲು ಹೇಳುತ್ತಾರೆ. ಕೆಳಗಿಡು, 20 ಸೆಕೆಂಡ್ ಸಮಯ ಎನ್ನುತ್ತದೆ ಯಂತ್ರ. ಅವನು ಇಡುತ್ತಾನೆ. ಯಂತ್ರ ಎಣಿಸುತ್ತಲೇ ಹೋಗಿ ಅವನನ್ನು ಜರಡಿ ಮಾಡುತ್ತದೆ. ಹೆಣ ಮೇಜಿನ ಮೇಲೆ ಬಿದ್ದಿರುವಾಗ ಯಜಮಾನನ ಚಿಂತೆ, ಕೆಲಸ ತಡವಾದರೆ ಬಡ್ಡಿಯೇ 5 ಕೋಟಿ ಡಾಲರ್ ಆಗುತ್ತದಲ್ಲ ಎಂಬುದು. ಜನ ಮೊದಲು ನಗುತ್ತಾರೆ, ಆಮೇಲೆ ಯಾಕೆ ನಕ್ಕೆವು ಎಂದು ಅವರೇ ಚರ್ಚೆ ಎತ್ತುತ್ತಾರೆ. ಇದೇ ನಿರ್ದೇಶಕರ ‘ಸ್ಟಾರ್‌ಶಿಪ್ ಟ್ರೂಪರ್ಸ್’ (1997) ಫ್ಯಾಸಿಸಂ ಅನ್ನು ಅಣಕಿಸಿದರೆ, ಆಗಿನ ಕೆಲವು ವಿಮರ್ಶಕರು ಅದನ್ನು ಫ್ಯಾಸಿಸಂನ ಹೊಗಳಿಕೆ ಎಂದೇ ಓದಿದರು. ಫ್ಯಾಸಿಸಂ ಏನೆಂದು ವರ್ಹೋವನ್ ಅವರಿಗೆ ಚೆನ್ನಾಗಿ ಗೊತ್ತಿತ್ತು: ಅವರು ಬಾಲ್ಯ ಕಳೆದದ್ದು ನಾಜಿಗಳು ಆಕ್ರಮಿಸಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ.

6. ಚರ್ಚೆಯನ್ನು ‘ಈ ಚಿತ್ರದ ಸಂದೇಶವೇನು?’ ಎಂದು ಶುರು ಮಾಡಬೇಡಿ.

ಹಾಗೆ ಕೇಳಿದರೆ ಎಲ್ಲರೂ ಪರೀಕ್ಷೆಯ ಉತ್ತರ ಕೊಡುತ್ತಾರೆ. ನಾನು ಕೇಳುವುದು: ಯಾವ ಫೈಟು ನೆನಪಿದೆ? ಅದರಲ್ಲಿ ಯಾರು ಏನು ಕಳಕೊಂಡರು? ಆ ಫೈಟು ತೆಗೆದುಬಿಟ್ಟರೆ ಕಥೆಯಲ್ಲಿ ಏನು ಹೋಗುತ್ತದೆ? ‘ಏನೂ ಹೋಗುವುದಿಲ್ಲ’ ಎಂಬ ಉತ್ತರ ಬಂದರೆ, ಆ ಚಿತ್ರದಲ್ಲಿ ಅರ್ಥವೂ ಇಲ್ಲ, ಹೆಚ್ಚು ಹೊತ್ತು ಉಳಿಯುವ ಮಜವೂ ಇಲ್ಲ. ಅಂಥದ್ದನ್ನು ಮುಂದಿನ ಶಿಬಿರದ ಪಟ್ಟಿಯಿಂದ ತೆಗೆದುಹಾಕುತ್ತೇನೆ.